ನಾನು ಕೈ ಇಟ್ಟ ಜಾಗ

ಬಡ್ತಿಗಳ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಮೂರು ಸಿಕ್ಕವು, ಅವುಗಳಲ್ಲಿ ಒಂದು ತಡವಾಗಿ ಸಿಕ್ಕಿತು, ಮೂರಕ್ಕೂ ಪೇಢೆ ಹಂಚಿದೆ. ಮೂವತ್ತನಾಲ್ಕು ವರ್ಷ ಹೈ ವೋಲ್ಟೇಜಿನ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ಮನುಷ್ಯನಿಗೆ ನೆನಪಿನಲ್ಲಿ ಉಳಿಯುವುದು ಬೇರೆಯೇ. ಅದನ್ನು ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಬರೆಯುತ್ತಿದ್ದೇನೆ. ಅದರಲ್ಲೂ ಒಬ್ಬಳಿಗಾಗಿ.

ಅವಳ ಹೆಸರು ವೈಶಾಲಿ. ನನ್ನ ಜೊತೆ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದ ದತ್ತು ಮಾಳಿಯ ಮಗಳು. ಕಳೆದ ವರ್ಷ ಒಂದು ಬೆಳಿಗ್ಗೆ ದತ್ತುವಿನ ಫೋನ್ ಬಂತು.

"ಸಾಹೇಬ್ರ, ವೈಶಾಲಿಗೆ ನೌಕರಿ ಸಿಕ್ಕೈತಿ ನೋಡ್ರಿ. ನಮ್ಮ ಡಿಸಿ ಸ್ಟೇಷನ್‌ದಾಗ! ಇಂಜಿನಿಯರ್ ಅಂತ!"

"ಭಾಳ ಚಲೋ ಸುದ್ದಿ ಹೇಳಿದಿ ದತ್ತೂ."

"ಸೇರೂಕಿಂತ ಮೊದ್ಲ ನೀವು ಆಕಿಗೆ ಎರಡು ಮಾತು ಹೇಳ್ರಿ. ನಾ ಹೇಳಿದ್ರ ಕೇಳೂದಿಲ್ಲ. ನೀ ಮಾಡಿದ ತಪ್ಪು ನಾ ಮಾಡೂದಿಲ್ಲ ಬಿಡಪಾ ಅಂತಾಳ."

ಕೊನೆಯ ಮಾತನ್ನು ಅವನು ನಗುತ್ತಲೇ ಹೇಳಿದ. ಅವಳು ಅಪ್ಪನ ತಪ್ಪು ಎಂದುಕೊಂಡಿದ್ದು ಅಪ್ಪನದಲ್ಲ, ನನ್ನದು. ಆ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ದತ್ತುವಿಗೂ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಬರ್ರಿ ಎಂದು ಹೇಳಿ ಫೋನ್ ಇಟ್ಟೆ. ಆ ವಾರ ಪೂರ್ತಿ ನನಗೆ ಸರಿಯಾಗಿ ಊಟ ಸೇರಲಿಲ್ಲ.

ನಾನು ಹುಟ್ಟಿನಿಂದಲೇ ಗಾಬರಿಯ ಮನುಷ್ಯ. ಧನಕವಡಿಯ ನಮ್ಮ ಮನೆಯಿಂದ ಹೊರಬಿದ್ದರೆ ಗ್ಯಾಸ್ ಬಂದ್ ಆಗಿದೆಯೋ ಇಲ್ಲವೋ ನೋಡಲು ಎರಡು ಸಲ ಮೆಟ್ಟಿಲು ಹತ್ತುತ್ತೇನೆ. ಹೆಂಡತಿ ಶಾಂತಾ ಕೆಳಗೆ ರಿಕ್ಷಾದಲ್ಲಿ ಕೂತು ಕೂಗುತ್ತಾಳೆ: "ಏನ್ರೀ, ಇವತ್ತರೇ ಹೋಗೂದದನೋ, ಇಲ್ಲಾ ರಿಕ್ಷಾದವನಿಗೆ ಇಲ್ಲೇ ಊಟಕ್ಕ ಹೇಳಲೋ?" ನಗುವವರು ನಗಲಿ. ನಮ್ಮ ಕೆಲಸದಲ್ಲಿ ಗಾಬರಿ ಇದ್ದವನೇ ಪಿಂಚಣಿ ತಿನ್ನುತ್ತಾನೆ. ನನ್ನ ದುರ್ದೈವ ಎಂದರೆ, ಗಾಬರಿ ಬೀಳಲೇಬೇಕಿದ್ದ ಒಂದು ದಿನ ನನಗೆ ಗಾಬರಿಯಾಗಲಿಲ್ಲ.

ಬೈಲಹೊಂಗಲ ಕಡೆಯಿಂದ ಪುಣೆಗೆ ಬಂದು ಮೊದಲು ಸೇರಿದ್ದು ಊರ ಹೊರಗಿನ ಒಂದು ದೊಡ್ಡ ಎಸಿ ಸಬ್‌ಸ್ಟೇಷನ್ನಿಗೆ. ಅಲ್ಲಿ ದೇಶಪಾಂಡೆ ಸಾಹೇಬರು ಎಂಬುವರು ನನ್ನ ಮೇಲಧಿಕಾರಿ. ಬೈಗುಳದಲ್ಲಿ ಅವರನ್ನು ಮೀರಿಸಿದವರನ್ನು ನಾನು ಈವರೆಗೆ ಕಂಡಿಲ್ಲ. ನಮ್ಮಲ್ಲಿ ಯಾವುದೇ ಲೈನಿನ ಮೇಲೆ ಕೆಲಸ ಮಾಡಬೇಕಾದರೆ ಅಧಿಕಾರಿಯಾದವನು ಪರ್ಮಿಟ್ ಕೊಡಬೇಕು. ಅದೊಂದು ಕಾಗದ. ಲೈನು ಬಂದ್ ಆಗಿದೆ, ಎರಡೂ ತುದಿಗೆ ಅರ್ತಿಂಗ್ ಹಾಕಿದೆ, ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸಿದೆ, ಈಗ ಮುಟ್ಟಬಹುದು ಎಂದು ಬರೆದು ಸಹಿ ಮಾಡುವುದು. ನಾನು ಮೊದಲ ಪರ್ಮಿಟ್ ಬರೆದು ಗರ್ವದಿಂದ ಟೆಕ್ನಿಷಿಯನ್ ಕೈಗೆ ಕೊಡಲು ಹೋದಾಗ ಸಾಹೇಬರು ನನ್ನ ಕೊರಳಪಟ್ಟಿ ಹಿಡಿದು ನಿಲ್ಲಿಸಿದರು. ಅವರು ಮರಾಠಿಯಲ್ಲಿ ಅಂದದ್ದರ ತಾತ್ಪರ್ಯ ಇಷ್ಟು: ಸಹಿ ಮಾಡಿದವನ ಕೈ ಮೊದಲು. ಸತ್ತಿದೆ ಎಂದು ನೀನು ಬರೆದಿದ್ದೀಯಲ್ಲ, ಎಲ್ಲರ ಎದುರಿಗೆ ನೀನೇ ಮೊದಲು ಮುಟ್ಟು. ಆಮೇಲೆ ಇನ್ನೊಬ್ಬನನ್ನು ಮುಟ್ಟಲು ಹೇಳು.

ಮುಟ್ಟಿದೆ. ಬರಿಗೈಯ ಹಿಂಭಾಗದಿಂದ. ಏನೂ ಆಗಲಿಲ್ಲ. ಅಂದಿನಿಂದ ಅದು ನನ್ನ ನೇಮವಾಯಿತು. ಯಾವ ಪುಸ್ತಕದಲ್ಲೂ ಅದು ಇರಲಿಲ್ಲ, ಈಗಿನ ನಿಯಮದವರು ಕೇಳಿದರೆ ತಲೆ ಚಚ್ಚಿಕೊಂಡಾರು. ಆದರೆ ನನ್ನ ಕೈ ಬಿದ್ದ ತಂತಿಯನ್ನು ನನ್ನ ಹುಡುಗರು ಕಣ್ಣು ಮುಚ್ಚಿ ಹಿಡಿಯುತ್ತಿದ್ದರು. ಬಡಿಗೇರ ಸಾಹೇಬ್ರು ಕೈ ಇಟ್ಟರೆ ಸಾಕು ಎಂಬ ಹೆಸರು ನನಗೆ ಬಂತು. ಆ ಹೆಸರಿನ ಮೇಲೆ ನನಗೆ ಸ್ವಲ್ಪ ಹೆಚ್ಚೇ ಪ್ರೀತಿ ಇತ್ತು.

ಎಸಿ ವಿದ್ಯುತ್ತು ಮಾತಾಡುವ ವಿದ್ಯುತ್ತು. ಸೆಕೆಂಡಿಗೆ ಐವತ್ತು ಸಲ ಹೋಗಿ ಬಂದು ಮಾಡುತ್ತದೆ, ಹಾಗಾಗಿ ಟ್ರಾನ್ಸ್‌ಫಾರ್ಮರು ಗುಂಯ್ಯೆನ್ನುತ್ತದೆ, ಮಳೆಗಾಲದಲ್ಲಿ ತಂತಿ ಗುನುಗುತ್ತದೆ. ವರ್ಷಾನುಗಟ್ಟಲೆ ಕೇಳಿದ ಮೇಲೆ ಕಿವಿಗೇ ಗೊತ್ತಾಗುತ್ತಿತ್ತು, ಇದು ಜೀವಂತ, ಇದು ಬಂದ್ ಎಂದು. ಕೈಯಲ್ಲಿ ಡಿಟೆಕ್ಟರ್ ಎಂಬ ಸಣ್ಣ ಉಪಕರಣವೂ ಇರುತ್ತಿತ್ತು. ಕೋಲಿನ ತುದಿಗೆ ಸಿಕ್ಕಿಸಿ ತಂತಿಯ ಹತ್ತಿರ ಒಯ್ದರೆ ಪೀಂಪೀಂ ಅನ್ನುತ್ತಿತ್ತು. ಕಿವಿ ಮತ್ತು ಡಿಟೆಕ್ಟರ್, ಎರಡರ ಮೇಲೂ ನನಗೆ ಹೆಂಡತಿಯ ಮೇಲಿದ್ದಷ್ಟು ವಿಶ್ವಾಸ.

ಆ ಎಸಿ ಕೂಡ ದೂರ ಹೋಗಬೇಕಾದರೆ ಹಟ ಮಾಡುತ್ತದೆ ಎಂದು ಗೊತ್ತಾದದ್ದು ನನ್ನದೇ ಒಂದು ಎಡವಟ್ಟಿನಿಂದ. ನೂರಾರು ಕಿಲೋಮೀಟರಿನ ಹೊಸ ಲೈನೊಂದನ್ನು ನಮ್ಮ ತುದಿಯಿಂದ ಚಾಲೂ ಮಾಡಬೇಕಿತ್ತು. ಆ ತುದಿ ಇನ್ನೂ ಖಾಲಿ, ಲೋಡ್ ಇಲ್ಲ, ಅಂದರೆ ವಿದ್ಯುತ್ತು ಎಳೆದುಕೊಳ್ಳುವವರು ಯಾರೂ ಇಲ್ಲ. ನಾನು ಬ್ರೇಕರ್ ಎಂಬ ದೊಡ್ಡ ಸ್ವಿಚ್ಚು ಹಾಕಿದೆ. ಎರಡೇ ನಿಮಿಷಕ್ಕೆ ಸ್ಟೇಷನ್ನಿನ ಫೋನಿನಲ್ಲಿ ಆ ತುದಿಯ ಅಧಿಕಾರಿ ಕಿರುಚಿದ: "ಅರೇ ಬಡಿಗೇರ್, ಕ್ಯಾ ಭೇಜ್ ರಹಾ ಹೈ?" ನಾನು ಕಳಿಸಿದ್ದಕ್ಕಿಂತ ಹೆಚ್ಚು ವೋಲ್ಟೇಜ್ ಅವನ ಹತ್ತಿರ ತಲುಪಿತ್ತು. ಉದ್ದದ ಎಸಿ ಲೈನು ಖಾಲಿ ಇದ್ದಾಗ ಆ ತುದಿಯಲ್ಲಿ ಉಬ್ಬಿಕೊಳ್ಳುತ್ತದೆ. ಅದನ್ನು ಇಳಿಸಲು ರಿಯಾಕ್ಟರ್ ಎಂಬ ಯಂತ್ರ ಇರುತ್ತದೆ. ಅದನ್ನು ಜೋಡಿಸಿದ್ದೀರಾ ಎಂದು ನಾನು ಕೇಳಿರಲಿಲ್ಲ. ಬ್ರೇಕರ್ ತೆಗೆಯುವಾಗ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ದೇಶಪಾಂಡೆ ಸಾಹೇಬರು ಬೈದು ಮುಗಿಸಿ, ಚಹಾ ತರಿಸಿ, ಕಾಗದದ ಮೇಲೆ ಗೆರೆ ಎಳೆದು ತಿಳಿಸಿದರು. ಎಸಿಗೆ ಉದ್ದದ ಲೈನನ್ನು ಪ್ರತಿ ಸಲ ತುಂಬಬೇಕು, ಪ್ರತಿ ಸಲ ಖಾಲಿ ಮಾಡಬೇಕು, ಅದೂ ಸೆಕೆಂಡಿಗೆ ಎಷ್ಟೋ ಸಲ. ಆ ತುಂಬಿ ಸುರಿಯುವುದರಲ್ಲೇ ತಂತಿಯ ಶಕ್ತಿ ಖರ್ಚಾಗುತ್ತದೆ. ದೂರ ಹೆಚ್ಚಿದಷ್ಟೂ ಈ ದಂಡದ ಕೆಲಸ ಹೆಚ್ಚು. ಡಿಸಿ ಆದರೆ ಲೈನನ್ನು ಒಮ್ಮೆ ತುಂಬಿದರೆ ಮುಗಿಯಿತು, ಆಮೇಲೆ ಒಂದೇ ದಿಕ್ಕಿಗೆ ಸಾಗುತ್ತಿರುತ್ತದೆ. ತಂತಿಯೂ ಕಡಿಮೆ, ಗೋಪುರಕ್ಕೆ ಜಾಗವೂ ಕಡಿಮೆ. ಆದರೆ ಎರಡೂ ತುದಿಗೆ ಎಸಿಯನ್ನು ಡಿಸಿ ಮಾಡಿ, ಡಿಸಿಯನ್ನು ಮತ್ತೆ ಎಸಿ ಮಾಡುವ ಭಾರೀ ಸ್ಟೇಷನ್ ಬೇಕು. ಅದಕ್ಕೇ ಹತ್ತಿರದ ಊರಿಗೆ ಎಸಿ, ಭಾಳ ದೂರಕ್ಕೆ ಡಿಸಿ. ಅವರು ಪೆನ್ನಿನ ಮುಚ್ಚಳ ಹಾಕುತ್ತ ಇನ್ನೊಂದು ಮಾತು ಸೇರಿಸಿದರು. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಬ್ರೇಕರ್ ಅದನ್ನು ಆ ಸೊನ್ನೆಯಲ್ಲಿ ಹಿಡಿದು ಕಡಿಯುತ್ತದೆ. ಡಿಸಿ ತಾನಾಗಿ ಸೊನ್ನೆಗೆ ಬರುವುದಿಲ್ಲ. ನಾನು ತಲೆಯಾಡಿಸಿದೆ. ಅರ್ಥವಾಯಿತು ಎಂದುಕೊಂಡೆ.

ಕೆಲವು ವರ್ಷಗಳ ಮೇಲೆ ನನ್ನನ್ನು ಡಿಸಿ ಸ್ಟೇಷನ್ನಿಗೆ ಹಾಕಿದರು. ಪುಣೆಯಿಂದ ಕಂಪನಿ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಮೊದಲ ದಿನವೇ ಮಾನ ಕಳೆದುಕೊಂಡೆ. ಹೊರಗಿನ ಗೋಪುರ ನೋಡುತ್ತ, ಮೂರನೇ ತಂತಿ ಎಲ್ಲಿದೆ ಎಂದು ಕೇಳಿಬಿಟ್ಟೆ. ಎಸಿಗೆ ಮೂರು, ಡಿಸಿಗೆ ಎರಡೇ. ಪುಸ್ತಕದಲ್ಲಿ ಓದಿದ್ದೆ, ಆದರೂ ಕಣ್ಣು ಮೂರನೆಯದನ್ನು ಹುಡುಕಿತು. ಪಕ್ಕದಲ್ಲಿ ನಿಂತಿದ್ದ ಒಬ್ಬ ಟೆಕ್ನಿಷಿಯನ್ ಬಾಯಿಗೆ ಕರ್ಚೀಫ್ ಒತ್ತಿ ಹಿಡಿದು ಮೆಲ್ಲಗೆ ಕನ್ನಡದಲ್ಲಿ ಅಂದ: "ಮೂರನೇದು ಊರಿಗಿ ಹೋಗೇತ್ರಿ ಸಾಹೇಬ್ರ, ನಾಳೆ ಬರ್ತೇತಿ."

ಅವನೇ ದತ್ತು. ನಿಪ್ಪಾಣಿ ಕಡೆಯವನು, ನನಗಿಂತ ನಾಲ್ಕು ವರ್ಷ ಚಿಕ್ಕವನು. ಆ ಸ್ಟೇಷನ್ನಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅವನ ಮನೆಯೂ ಧನಕವಡಿಯಲ್ಲಿ, ನಮ್ಮಿಂದ ಎರಡು ಓಣಿ ಆಚೆ. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ನಮ್ಮ ಶಾಂತಾಳ ಶೇಂಗಾ ಚಟ್ನಿಗೆ ಅವನು ಆಸೆಬುರುಕ, ಅವರ ಮನೆಯ ಖಡಕ್ ರೊಟ್ಟಿಗೆ ನಾನು. ಮೇಲೆ ಹತ್ತುವ ಕೆಲಸ ಎಂದರೆ ಅವನಿಗೆ ಹಬ್ಬ. ಎಷ್ಟು ಎತ್ತರವಿದ್ದರೂ ಶೀಟಿ ಹಾಕುತ್ತ ಹತ್ತುತ್ತಿದ್ದ, ಕೆಳಗೆ ನಿಂತ ನನಗೆ ಜೀವ ಬಾಯಿಗೆ ಬರುತ್ತಿತ್ತು.

ಈಗ ಆ ದಿನದ ಸಂಗತಿ.

ವರ್ಷಕ್ಕೊಮ್ಮೆ ಸ್ಟೇಷನ್ ಬಂದ್ ಮಾಡಿ ದುರಸ್ತಿ ಮಾಡುತ್ತೇವೆ. ಅಂಗಳದಲ್ಲಿ ಕೆಪಾಸಿಟರುಗಳ ಒಂದು ಎತ್ತರದ ಸಾಲು ಇತ್ತು. ಕೆಪಾಸಿಟರ್ ಎಂದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಡಬ್ಬಿ. ಒಂದರ ಮೇಲೊಂದು ಹನ್ನೆರಡು ರ್‍ಯಾಕು, ಪ್ರತಿ ರ್‍ಯಾಕಿನಲ್ಲಿ ಹಲವು ಡಬ್ಬಿ. ಕೆಳಗಿನಿಂದ ಎಣಿಸಿದರೆ ಆರನೇ ರ್‍ಯಾಕಿನ ಒಂದು ಡಬ್ಬಿ ಸೋರುತ್ತಿತ್ತು, ಬದಲಿಸಬೇಕಿತ್ತು. ಪರ್ಮಿಟ್ ಕೊಡಬೇಕಾದವನು ನಾನು, ಕೆಲಸ ಮಾಡಬೇಕಾದವನು ದತ್ತು.

ನಾನು ಎಸಿಯ ಲೈನ್ ಮನುಷ್ಯ. ಲೈನಿಗೆ ಎರಡು ತುದಿ. ಎರಡೂ ತುದಿಗೆ ಅರ್ತಿಂಗ್ ಹಾಕಿದರೆ ನಡುವೆ ಎಲ್ಲೂ ಜೀವ ಇರುವುದಿಲ್ಲ. ಇದು ನನ್ನ ರಕ್ತದಲ್ಲಿ ಇಳಿದಿತ್ತು. ಆ ಸಾಲಿನ ಮೇಲ್ತುದಿಗೂ ಕೆಳತುದಿಗೂ ಅರ್ತಿಂಗ್ ಹಾಕಿಸಿದೆ. ಕಿವಿಗೊಟ್ಟೆ, ಗುಂಯ್ ಇಲ್ಲ. ಡಿಟೆಕ್ಟರ್ ಹಿಡಿದೆ, ಪೀಂ ಇಲ್ಲ. ಇರುವುದಾದರೂ ಹೇಗೆ? ಎರಡೂ ಎಸಿಯ ಸಾಧನಗಳು. ಹೋಗಿಬಂದು ಮಾಡದೆ ಸುಮ್ಮನೆ ಕೂತ ಡಿಸಿ ಗುನುಗುವುದೂ ಇಲ್ಲ, ಆ ಡಿಟೆಕ್ಟರಿಗೆ ಕಾಣುವುದೂ ಇಲ್ಲ. ಅದು ನನಗೆ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ.

ನಮ್ಮ ಮನೆಗಳಲ್ಲಿ ಹಿಂದೆ ಅಡಕಲ ಗಡಿಗೆ ಇಡುತ್ತಿದ್ದರಲ್ಲ, ಒಂದರ ಮೇಲೊಂದು, ಹಾಗೆ ಈ ಸಾಲು. ಮೇಲಿನದರ ಮುಚ್ಚಳ ತೆಗೆದು ನೋಡಿ, ಕೆಳಗಿನದರ ಬುಡ ತಟ್ಟಿ ನೋಡಿದರೆ ನಡುವಿನದರಲ್ಲಿ ಏನಿದೆ ಎಂದು ಹೇಗೆ ಗೊತ್ತಾಗಬೇಕು? ಪ್ರತಿ ರ್‍ಯಾಕನ್ನೂ ಬೇರೆಬೇರೆಯಾಗಿ ಅರ್ತ್ ರಾಡ್ ಎಂಬ, ನೆಲಕ್ಕೆ ಜೋಡಿಸಿದ ಕೋಲು ಮುಟ್ಟಿಸಿ ಖಾಲಿ ಮಾಡಬೇಕು. ತನ್ನಷ್ಟಕ್ಕೆ ಖಾಲಿಯಾಗುವ ಏರ್ಪಾಡು ಡಬ್ಬಿಯೊಳಗೆ ಇರುತ್ತದೆ, ಆದರೆ ಅದು ಕೆಟ್ಟಿರಲೂಬಹುದು. ಇದೆಲ್ಲ ಸ್ಟೇಷನ್ನಿನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಡಿಸಿ ಮಾಡುವ ಯಂತ್ರಗಳ ಭಾಗವನ್ನು ನಾನು ಗೆರೆ ಎಳೆದು ಓದಿದ್ದೆ. ಅರ್ತಿಂಗ್ ಎಂಬ ಅಧ್ಯಾಯ ಬಂದಾಗ, ಅರ್ತಿಂಗ್ ಬಗ್ಗೆ ನನಗೆ ಇವರೇನು ಕಲಿಸುತ್ತಾರೆ ಎಂದು ಪುಟ ತಿರುವಿದ್ದೆ.

ಪರ್ಮಿಟ್ಟಿಗೆ ಸಹಿ ಮಾಡಿದೆ. ಆಮೇಲೆ ನೇಮದಂತೆ ಎಲ್ಲರ ಎದುರಿಗೆ ಕೈ ಇಟ್ಟೆ. ಎಲ್ಲಿ? ಕೆಳತುದಿಯಲ್ಲಿ, ನನ್ನ ಎದೆಯ ಮಟ್ಟಕ್ಕೆ, ಅರ್ತಿಂಗ್ ಹಾಕಿದ ಜಾಗದಲ್ಲೇ. ಮೊಳಕಾಲು ನೋಯುತ್ತಿತ್ತು, ಮೇಲೆ ಹತ್ತಲಿಲ್ಲ. ದತ್ತು ನನ್ನ ಕೈ ನೋಡಿದ. ಶೀಟಿ ಹಾಕುತ್ತ ಹತ್ತಿದ. ಆರನೇ ರ್‍ಯಾಕಿನ ಹತ್ತಿರ ಬೆಲ್ಟ್ ಬಿಗಿದುಕೊಂಡು ನಟ್ಟಿಗೆ ಪಾನಾ ಹಾಕಿದ.

ಪಟಾಕಿ ಡಬ್ಬಿಯಲ್ಲಿ ಸಿಡಿದಂತಹ ಸದ್ದು. ಶೀಟಿ ನಿಂತಿತು. ದತ್ತು ಬೆಲ್ಟಿನಲ್ಲಿ ತಲೆ ಕೆಳಗಾಗಿ ಜೋತಾಡುತ್ತಿದ್ದ.

ಬದುಕಿದ. ಬಲಗೈಯ ಕೊನೆಯ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ನನಗೆ ಅಂದ ಮೊದಲ ಮಾತು, "ನಾ ಏನ್ ತಪ್ಪು ಮಾಡಿದ್ನಿರಿ ಸಾಹೇಬ್ರ?" ನಾನು, "ಈಗ ಮಾತಾಡಬ್ಯಾಡ, ಮಲಗು" ಎಂದೆ. ಹೇಳಿಬಿಡಬೇಕಾದ ಹೊತ್ತು ಅದೇ ಆಗಿತ್ತು.

ವಿಚಾರಣೆ ನಡೆಯಿತು. ಸ್ಟೇಷನ್ ಮುಖ್ಯಸ್ಥರು ವರದಿ ಬರೆಸಿ ನನ್ನ ಮುಂದೆ ಇಟ್ಟರು. ದತ್ತಾತ್ರೇಯ ಸಿದ್ದಪ್ಪ ಮಾಳಿ ಎಂಬ ಟೆಕ್ನಿಷಿಯನ್, ಕೈಪಿಡಿಯಲ್ಲಿ ಹೇಳಿದಂತೆ ಪ್ರತಿ ರ್‍ಯಾಕಿಗೆ ಅರ್ತಿಂಗ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಕೆಲಸಕ್ಕೆ ಕೈ ಹಾಕಿದರು. ಒಂದೂ ಸುಳ್ಳು ಪದ ಇರಲಿಲ್ಲ. ಖಚಿತಪಡಿಸಿ ಕೊಡಬೇಕಾದವನು ಯಾರು ಎಂಬುದಷ್ಟೇ ಇರಲಿಲ್ಲ. ಸಹಿ ಮಾಡು, ಇಲ್ಲದಿದ್ದರೆ ಇಬ್ಬರೂ ಹೋಗುತ್ತೀರಿ ಎಂದರು ಮುಖ್ಯಸ್ಥರು. ನನಗೆ ಹೆದರಿಕೆಯಾಯಿತು. ಸಹಿ ಮಾಡಿದೆ.

ದತ್ತುವನ್ನು ಸ್ಟೋರಿಗೆ ಹಾಕಿದರು. ಮೇಲೆ ಹತ್ತುವ ಕೆಲಸ ಮುಗಿಯಿತು, ಶೀಟಿಯೂ ಮುಗಿಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ವರ್ಷ ಸುರಕ್ಷಾ ಸಪ್ತಾಹ ಬಂತೆಂದರೆ ಹೊಸಬರ ಮುಂದೆ ಅವನನ್ನು ನಿಲ್ಲಿಸುತ್ತಿದ್ದರು. ಅವನು ಮೂರು ಬೆರಳಿನ ಕೈ ಎತ್ತಿ ತೋರಿಸಿ, ನಾನು ಮಾಡಿದ ತಪ್ಪು ನೀವು ಮಾಡಬೇಡಿ ಎಂದು ಹೇಳಬೇಕು. ಮೊದಲ ವರ್ಷ ಅವನ ಧ್ವನಿ ನಡುಗಿತು. ಆಮೇಲಾಮೇಲೆ ಚೆನ್ನಾಗಿಯೇ ಹೇಳತೊಡಗಿದ, ಜನ ನಗುವಂತೆಯೂ ಹೇಳತೊಡಗಿದ. ನಾನು ಮುಂದಿನ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೆ ನನ್ನ ವೃತ್ತಿಯ ಕಥೆ ಹೇಳುತ್ತ ಇದನ್ನು ಬಿಟ್ಟರೆ ಉಳಿದದ್ದು ಬರೆದೂ ಉಪಯೋಗವಿಲ್ಲ.

ಆ ಭಾನುವಾರ ಅಪ್ಪ ಮಗಳು ಬಂದರು. ಶಾಂತಾ ಒಗ್ಗರಣಿ ಅವಲಕ್ಕಿ ಮಾಡಿದ್ದಳು. ವೈಶಾಲಿ ಚುರುಕು ಹುಡುಗಿ. ಶಿವಾಜಿನಗರದ ಕಾಲೇಜಿನಲ್ಲಿ ಓದಿದವಳು, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುತ್ತಾಳೆ. ಕೈಪಿಡಿಯನ್ನು ಮೊಬೈಲಿನಲ್ಲಿ ತಂದಿದ್ದಳು. ನಾನು ಎಸಿ ಡಿಸಿ ಎಂದು ಅರ್ಧ ಗಂಟೆ ಕೊರೆದೆ. ಸೊನ್ನೆ, ಗಡಿಗೆ, ರಿಯಾಕ್ಟರ್ ಎಲ್ಲ ಹೇಳಿದೆ. ಆ ದಿನದ ಸುತ್ತ ಮಾತ್ರ ಪ್ರದಕ್ಷಿಣೆ ಹಾಕುತ್ತಿದ್ದೆ. ಅವಳು ಒಂದು ಪುಟ ತೆಗೆದು ನನ್ನ ಮುಂದೆ ಹಿಡಿದಳು.

"ಕಾಕಾ, ಇಲ್ಲಿ ಬರದಾರಲ್ಲಾ, ಪ್ರತಿ ರ್‍ಯಾಕ್ ಚೆಕ್ ಮಾಡೂದು ಪರ್ಮಿಟ್ ಕೊಡವ್ರ ಜವಾಬ್ದಾರಿ ಅಂತ. ಅಪ್ಪನ ಟೈಮಿಗೆ ಪರ್ಮಿಟ್ ಯಾರು ಕೊಟ್ಟಿದ್ರು?"

ಸುಳ್ಳು ಹೇಳಬಹುದಿತ್ತು. ನೆನಪಿಲ್ಲ ಎನ್ನಬಹುದಿತ್ತು, ಈ ವಯಸ್ಸಿಗೆ ಎಲ್ಲರೂ ನಂಬುತ್ತಾರೆ. ಆದರೆ ಮುಂದಿನ ವಾರ ಅವಳು ಆ ಸಾಲಿನ ಕೆಳಗೆ ಹೋಗಿ ನಿಲ್ಲುವವಳು. ಯಾರೋ ಒಬ್ಬ ಹಿರಿಯ ಕೈ ಇಟ್ಟು ತೋರಿಸಿದರೆ ನಂಬಿಬಿಡಬಹುದಾದವಳು.

"ನಾನು" ಎಂದೆ.

ದತ್ತು ತಕ್ಷಣ ನನ್ನ ಪರವಾಗಿ ಬಂದ. "ಹೇ, ಸಾಹೇಬ್ರದೇನೂ ಇಲ್ಲ ಅದ್ರಾಗ. ಅವ್ರು ಮೊದ್ಲ ಕೈ ಇಟ್ಟಿದ್ರು. ನಾ ಕಣ್ಣಾರೆ ನೋಡೀನಿ."

"ಎಲ್ಲಿ ಇಟ್ಟಿದ್ದೆ ದತ್ತೂ?"

"ಅಲ್ಲೇ... ಕೆಳಗ."

"ನೀ ಎಲ್ಲಿ ಹೋಗಾಂವಿದ್ದಿ?"

"ಆರನೇ ರ್‍ಯಾಕಿಗೆ."

"ಹಂಗಾರ ನಾ ಕೈ ಎಲ್ಲಿ ಇಡಬೇಕಿತ್ತು?"

ನಾನೇ ಎಲ್ಲ ಹೇಳಿದೆ. ತಿರುವಿದ ಪುಟ, ನೋಯುತ್ತಿದ್ದ ಮೊಳಕಾಲು, ವರದಿ, ಸಹಿ. ಶಾಂತಾ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳಿಗೂ ಇದು ಹೊಸದು.

ದತ್ತು ತನ್ನ ಬಲಗೈಯನ್ನು ಮೆಲ್ಲಗೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. "ಮಕ್ಕಳಿಗೆ ಹೇಳೀನ್ರಿ ನಾ," ಎಂದ. "ಹೆಂಡ್ತಿಗೆ ಹೇಳೀನಿ. ನಮ್ಮಪ್ಪ ಸಾಯೂ ಮುಂದ ಕೇಳಿದ, ಹೆಂಗ ಆತೋ ಅಂತ. ನಂದ ತಪ್ಪಪಾ ಅಂದೆ. ಅದನ್ನ ಕೇಳಿಸಿಕೊಂಡ ಸತ್ತ." ಎದ್ದು ನಿಂತ. "ನಡಿ ವೈಶಾಲಿ." ಚಹಾ ಮುಟ್ಟಲಿಲ್ಲ. ಅವನು ನಮ್ಮ ಮನೆಯಿಂದ ಚಹಾ ಕುಡಿಯದೆ ಹೋದದ್ದು ಅದೇ ಮೊದಲು.

ಆಮೇಲೆ ಎರಡು ತಿಂಗಳು ಫೋನಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಬೆಳಗಿನ ವಾಕಿಂಗಿಗೆ ಅವನ ಓಣಿಯ ತನಕ ಹೋಗಿ ವಾಪಸಾಗುತ್ತಿದ್ದೆ. ಶಾಂತಾ ಮೊದಲ ವಾರ ನನ್ನ ಜೊತೆ ಮಾತಾಡಲಿಲ್ಲ. ಎರಡನೇ ವಾರ, "ಮನ್ಯಾಗ ಕೂತು ಉಸುರ್ಗರದ್ರ ಏನಾಗ್ತದ? ಬರ್ಯೂದು ಗೊತ್ತದಲ್ಲಾ ನಿಮಗ, ಬರೀರಿ" ಎಂದಳು.

ಬರೆದೆ. ಆ ವರದಿ ಸರಿಯಲ್ಲ, ತಪ್ಪು ಮಾಡಿದವನು ಪರ್ಮಿಟ್ ಕೊಟ್ಟ ನಾನು, ಇದನ್ನು ದಾಖಲೆಗೆ ಸೇರಿಸಬೇಕು ಎಂದು ಒಂದೂವರೆ ಪುಟ. ಶಿವಾಜಿನಗರದ ಕಚೇರಿಗೆ ಒಯ್ದೆ. ಅಲ್ಲಿನ ಗುಮಾಸ್ತ ಎರಡು ಸಲ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಅಜ್ಜಾ, ಎಲ್ಲರೂ ತಮ್ಮ ತಪ್ಪಿಲ್ಲ ಎಂದು ಅರ್ಜಿ ಕೊಡುತ್ತಾರೆ, ನೀವೇನು ಉಲ್ಟಾ ತಂದಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದ. ಯಾವ ಫೈಲಿಗೆ ಹಾಕಬೇಕೋ ಅವನಿಗೂ ತಿಳಿಯಲಿಲ್ಲ. ಕೊನೆಗೆ ಠಸ್ಸೆ ಒತ್ತಿ ಒಂದು ಪ್ರತಿ ಕೊಟ್ಟ.

ಆ ಪ್ರತಿ ಹಿಡಿದುಕೊಂಡು ಮರುದಿನ ದತ್ತುವಿನ ಮನೆಗೆ ಹೋದೆ. ಬೆಳಗಿನ ಹನ್ನೊಂದಾಗಿತ್ತು. ಬಾಗಿಲು ತೆಗೆದವನು ಒಳಗೆ ಬರ್ರಿ ಅನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ನಾನೇ ಹೋಗಿ ಕೂತೆ. ಟೇಬಲ್ಲಿನ ಮೇಲೆ ಅವನ ಮೊಬೈಲ್ ಇತ್ತು. ಅವನ ಕಣ್ಣು ಅದರ ಮೇಲೇ ಇತ್ತು.

"ಇವತ್ತ ಶಟ್‌ಡೌನ್ ಐತಿ ಅಲ್ಲಿ," ಎಂದ, ನನ್ನ ಮುಖ ನೋಡದೆ. "ವೈಶಾಲಿದು ಮೊದಲನೇದು. ಕೆಪಾಸಿಟರ್ ಸಾಲು ಆಕಿ ಪಾಲಿಗೇ ಬಂದೈತಿ. ಪರ್ಮಿಟ್ ಕೊಟ್ಟ ಮ್ಯಾಲ ಫೋನ್ ಮಾಡ್ತೀನಿ ಅಂದಾಳ."

ಏನು ಮಾಡಬೇಕೋ ತೋಚದೆ ಕಾಗದ ಮುಂದೆ ಚಾಚಿದೆ. ದತ್ತು ನಿಧಾನವಾಗಿ, ಬೆರಳಿಟ್ಟು ಓದಿದ. ಒಂದು ಕಡೆ ಬೆರಳು ನಿಂತಿತು.

"ಇದೇನ್ರಿ ಇದು? 'ಸದರಿ ಟೆಕ್ನಿಷಿಯನ್ನರ ತಪ್ಪಿಲ್ಲ.'"

"ಹೌದು. ನಿನ್ನ ತಪ್ಪಿಲ್ಲ ಅಂತನೇ ಬರದೀನಿ."

"ತಪ್ಪು ಅಂತ ಬರಿಯೂ ಮುಂದ ನನ್ನ ಪೂರಾ ಹೆಸರು ಬರದಿದ್ರಿ. ಅಪ್ಪನ ಹೆಸರು ಹಚ್ಚಿ. ತಪ್ಪಿಲ್ಲ ಅಂತ ಬರಿಯೂ ಮುಂದ 'ಸದರಿ' ಆಗೀನೇನ್ರಿ?" ಅವನ ಧ್ವನಿ ಏರಿತು. ಇಷ್ಟು ವರ್ಷದಲ್ಲಿ ಅವನು ನನ್ನ ಮೇಲೆ ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. "ಹೆಸರು ಬರೀರಿ. ನಮ್ಮಪ್ಪನ ಹೆಸರು ಬರೀರಿ."

ಅವನು ಹೇಳಿದ್ದು ಸರಿ. ಕಚೇರಿಯ ಭಾಷೆ ನನ್ನ ಕೈಗೆ ಅಂಟಿಬಿಟ್ಟಿತ್ತು. ಅವನೇ ಒಂದು ಬಿಳಿ ಹಾಳೆ ತಂದಿಟ್ಟ. ನಾನು ಮತ್ತೆ ಮೊದಲಿನಿಂದ ಬರೆಯಲು ಕೂತೆ. ದತ್ತಾತ್ರೇಯ ಸಿದ್ದಪ್ಪ ಮಾಳಿ ಎಂದು ಬರೆದೆ. ಅವನು ಬಗ್ಗಿ ನೋಡಿದ. ಹನ್ನೆರಡಾಯಿತು. ಫೋನ್ ಬರಲಿಲ್ಲ. ಹನ್ನೆರಡೂವರೆ ಆಯಿತು. ಬರೆದ ಸಾಲನ್ನೇ ಮತ್ತೆ ಮತ್ತೆ ಓದುತ್ತ ಕೂತೆ. ದತ್ತು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದ, ಮತ್ತೆ ಹೋಗಿ ಮತ್ತೆ ಕುಡಿದು ಬಂದ. ಒಂದು ಹೊಡೆಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಒಂದು ಹತ್ತಕ್ಕೆ ಫೋನ್ ಬಂತು. ಅವನ ಬೆರಳು ಸರಿಯಾಗಿ ಒತ್ತಲಿಲ್ಲ, ನಾನು ಒತ್ತಿ ಸ್ಪೀಕರ್ ಹಾಕಿದೆ.

"ಅಪ್ಪಾ, ಈಗ ಪರ್ಮಿಟ್ ಕೊಟ್ಟೆ ನೋಡು. ಲೇಟ್ ಆತು, ಸಾಹೇಬ್ರು ಸಿಟ್ಟಾಗ್ಯಾರ. ಹುಡುಗರು ಇನ್ನ ಮೇಲೆ ಹತ್ತೋರು."

"ಕೈ ಇಟ್ಟೇನು?"

"ಇಟ್ಟೆ. ಮೊದ್ಲ ಅರ್ತ್ ರಾಡ್, ಆಮ್ಯಾಲ ಕೈ."

ದತ್ತು ಫೋನಿನ ಮೇಲೆ ಬಗ್ಗಿದ. ಅಂದು ಆಸ್ಪತ್ರೆಯಲ್ಲೂ ಅವನು ಕೇಳದ, ಕೇಳಬೇಕೆಂದು ನಾನೂ ಅವನಿಗೆ ಎಂದೂ ಕಲಿಸದ ಮಾತನ್ನು ಅವನು ಆಗ ಕೇಳಿದ.

"ಎಲ್ಲೆಲ್ಲಿ ಇಟ್ಟಿ? ಎಣಿಸಿ ಹೇಳು."

"ಅಪ್ಪಾ, ಎಲ್ಲಾ ಕಡೆ..."

"ಎಣಿಸು ಅಂದ್ನಿ."

ನಾನೂ ಅಲ್ಲಿ ಕೂತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ನಿಧಾನವಾಗಿ, ಮಗುವಿಗೆ ಹೇಳಿಕೊಡುವ ಹಾಗೆ ಎಣಿಸತೊಡಗಿದಳು. ಒಂದು. ಎರಡು. ಮೂರು. ಹಿಂದೆ ಯಾರೋ ಅವಳನ್ನು ಮರಾಠಿಯಲ್ಲಿ ಅವಸರ ಮಾಡುತ್ತಿದ್ದುದು ಕೇಳಿಸಿತು. ಅವಳು ಅವಸರ ಮಾಡಲಿಲ್ಲ. ನಾಲ್ಕು. ಐದು.

ದತ್ತುವಿನ ಮೂರು ಬೆರಳು ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದವು.

"ಆರು," ಎಂದಳು ವೈಶಾಲಿ. "ಆರನೇದಕ್ಕ ಎರಡು ಸಲ ಇಟ್ಟೆ ಅಪ್ಪಾ."

ಅವಳು ಹನ್ನೆರಡರ ತನಕ ಎಣಿಸಿ ಮುಗಿಸಿದಳು. ದತ್ತು ಫೋನ್ ಇಟ್ಟ. ಆಮೇಲೆ ನನ್ನ ಮುಂದಿದ್ದ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿ, ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಇನ್ನೊಮ್ಮೆ ಓದಿದ.

"ಸಹಿ ಮಾಡ್ರಿ," ಎಂದ. "ಚಹಾ ಇಡ್ತೀನಿ."